ಅಣ್ಣನ ಹೆಸರಿನ ಸೀಸೆ

ಆ ಸೀಸೆಯಲ್ಲಿದ್ದದ್ದು ಅಣ್ಣನ ಮೂತ್ರವಲ್ಲ, ನನ್ನದು. ಇದನ್ನು ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ.

ನಮ್ಮ ಅಪ್ಪ ಕಾಲಿನ ಹುಣ್ಣು ಮಾಯದೆ ತೀರಿಕೊಂಡರು. ಅವರು ಮೂತ್ರಕ್ಕೆ ಕೂತ ಕಡೆ ಇರುವೆ ಮುತ್ತುತ್ತಿದ್ದವು. ಹಾಗಾಗಿ ಆ ಬೇಸಿಗೆಯಲ್ಲಿ ಅಣ್ಣ ವೀರಶೆಟ್ಟಿಗೆ ನೀರಡಿಕೆ ಹೆಚ್ಚಾದಾಗ ಮನೆಯವರೆಲ್ಲ ಹೆದರಿದೆವು. ಹುಲಸೂರಿನ ಹುಡುಗಿಯೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಕಲ್ಯಾಣದ ಹಕೀಮರು ನಾಡಿ ಹಿಡಿದು, ಹುಮನಾಬಾದಿನ ಡಾಕ್ಟರರಿಗೆ ಮೂತ್ರ ತೋರಿಸಿರೆಂದರು. ಕಚೇರಿ ಕೆಲಸಕ್ಕೆ ಅಲ್ಲಿಗೇ ಹೊರಟಿದ್ದ ನನ್ನ ಕೈಗೆ ಅಣ್ಣ ಸೀಸೆ ಕೊಟ್ಟ.

ಮೋಟಾರು ಕುಲುಕಿ ಬಿರಡೆ ಕಳಚಿತು. ಇಳಿದಾಗ ಚೀಲ ಒದ್ದೆ, ಸೀಸೆ ಬರಿದು. ತಿರುಗಿ ಹೋಗಿ ಇನ್ನೊಂದು ದಿನ ಬರಬಹುದಿತ್ತು — ಬೇಸರವಾಯಿತು, ಅಷ್ಟೇ. ಗೋಡೆಯ ಮರೆಯಲ್ಲಿ ನನ್ನದನ್ನೇ ತುಂಬಿದೆ. ಕುಸ್ತಿಯ ತಾಲೀಮಿನಲ್ಲಿ ಪಳಗಿದ ಮೈ ನನ್ನದು. ಏನೂ ಇಲ್ಲ ಅನ್ನುತ್ತಾರೆ, ಅಣ್ಣ ನಿಶ್ಚಿಂತೆಯಿಂದ ಮದುವೆಯಾಗುತ್ತಾನೆ — ಹಾಗೆ ಅಂದುಕೊಂಡೆನೋ, ಇದು ಆಮೇಲೆ ಕಟ್ಟಿಕೊಂಡ ಮಾತೋ...

ಡಾಕ್ಟರರು ನೀಲಿ ಔಷಧ ಬೆರೆಸಿ ದೀಪದ ಮೇಲೆ ಕಾಯಿಸಿದರು. ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು.

"ಸಕ್ಕರಿ ಭಾಳ ಅದ. ಇದು ಯಾರ್ದು?"

"ನಮ್ಮ ಅಣ್ಣಂದ್ರಿ," ಅಂದೆ.

ನನ್ನದು ಎನ್ನಲು ಆಗಲೂ ಹೊತ್ತಿತ್ತು. ಅವರು ಕಾಗದದ ಮೇಲೆ ಅಣ್ಣನ ಹೆಸರು ಬರೆಯುವುದನ್ನು ನಿಂತು ನೋಡಿದೆ.

ಅಣ್ಣ ಮದುವೆ ಮುರಿದ. ಕಂಡವರ ಮಗಳನ್ನು ವಿಧವೆ ಮಾಡಲಾರೆನೆಂದು ತಾನೇ ಹುಲಸೂರಿಗೆ ಹೋಗಿ ಹೇಳಿ ಬಂದ. ಅಂದಿನಿಂದ ಅವನಿಗೆ ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಹಾಗಲಕಾಯಿ. ಯುದ್ಧದ ಕಾಲಕ್ಕೆ ಸಕ್ಕರೆ ಅಳತೆಯಲ್ಲಿ ಸಿಗುವಾಗ ತನ್ನ ಪಾಲನ್ನು ನನ್ನ ಹೆಂಡತಿಯ ಕೈಗೆ ಕೊಡುತ್ತಿದ್ದ. ಅದರ ಚಹಾ ನಾನು ಕುಡಿದೆ. ರೋಗ ಯಾರದೆಂದು ಗೊತ್ತಿದ್ದೇ ಮದುವೆಯಾದೆ, ಎರಡು ಮಕ್ಕಳಾದವು. ಮೊದಮೊದಲು ಅವನು ಊಟಕ್ಕೆ ಕೂತಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಆಮೇಲೆ ಅದೂ ನಿಂತಿತು.

ಹೋದ ಚಳಿಗಾಲ ಒಲೆಯ ಮುಂದೆ ಕೂತಿದ್ದಾಗ ಕೆಂಡ ಪಾದದ ಮೇಲೆ ಬಿದ್ದದ್ದು ನನಗೆ ತಿಳಿಯಲೇ ಇಲ್ಲ. ಸುಟ್ಟ ವಾಸನೆಗೆ ಹೆಂಡತಿ ಓಡಿ ಬಂದಳು. ಅಣ್ಣನೇ ನನ್ನನ್ನು ಹುಮನಾಬಾದಿಗೆ ಕರೆದೊಯ್ದ. ಈಗ ಅಲ್ಲಿ ಬೇರೆ ಡಾಕ್ಟರು. ನನ್ನ ಮೂತ್ರದಲ್ಲಿ ಸಕ್ಕರೆ ಸಿಕ್ಕಿತು. ಅಣ್ಣನದನ್ನೂ ನೋಡಿದರು — ಇರಲಿಲ್ಲ. ಪಥ್ಯದ ಫಲವೆಂದು ಅವನನ್ನು ಹೊಗಳಿದರು, ಅಣ್ಣ ನಕ್ಕ. ಅವನಿಗೆ ಆವತ್ತು ರೋಗವಿತ್ತೋ ಇಲ್ಲವೋ — ಇನ್ನು ಯಾರೂ ಹೇಳಲಾರರು.

ಮರುದಿನ ಅವನು ನನ್ನ ಗಾಯಕ್ಕೆ ಬಟ್ಟೆ ಸುತ್ತುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ನನಗೆ ಅಳು ಬರಲಿಲ್ಲ. ಅವನ ಕೈಯೂ ನಿಲ್ಲಲಿಲ್ಲ. ಗಂಟು ಹಾಕಿ ಮುಗಿಸಿದ ಮೇಲೆ ಕೇಳಿದ:

"ಹುಲಸೂರಿನ ಆ ಹುಡುಗಿ ಹೆಸರರೆ ಗೊತ್ತದೇನು ನಿನಗ?"

ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.