ಸಂಡಿಗೆ ಮುಗಿದ ಮೇಲೆ

ಮಾಣಿಕಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ಛತ್ತು ಹತ್ತುತ್ತಿದ್ದರು. ಕಾಲಿಗೆ ನೀರು, ಚಹಾ, ಯೋಗಕ್ಷೇಮ ಎಲ್ಲ ಆಮೇಲೆ. ಬೇಸಿಗೆಯ ಮಧ್ಯಾಹ್ನ ಚಪ್ಪಲಿ ಬಿಟ್ಟು ಸ್ಲ್ಯಾಬಿನ ಮೇಲೆ ನಿಂತು, ಪಾದ ಸುಡತೊಡಗಿದಾಗ ಕುಣಿಯುತ್ತ ಇಳಿದು ಬಂದು ಮನೆಯವರಿಗೆ ಹೇಳುತ್ತಿದ್ದರು: "ಇದು ಮನಿ ಅಲ್ರಿ, ರೊಟ್ಟಿ ಹಂಚು. ನೀವು ಹಂಚಿನ ಕೆಳಗ ಒಲ್ಯಾಗ ಕುಂತೀರಿ."

ಹುಮನಾಬಾದಿನ ನಮ್ಮ ಓಣಿಯಲ್ಲಿ ಅವರು ಮನೆಗಳ ನಕ್ಷೆ ಬರೆದು ಬದುಕುತ್ತಿದ್ದರು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಎಲ್ಲರಿಗೂ ಸ್ಲ್ಯಾಬಿನ ಹುಚ್ಚು. ಅಜ್ಜಂದಿರ ಕಾಲದ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟು ಸುರಿಯುತ್ತಿದ್ದರು. ಕಾಕಾ ಬಂದವರೊಡನೆಲ್ಲ ಜಗಳಕ್ಕೆ ಬೀಳುತ್ತಿದ್ದರು. ಘಾಟಬೋರಾಳದ ಗೌಡರೊಬ್ಬರು ಬಂದಾಗ ನಾನು ಅಲ್ಲೇ ಇದ್ದೆ.

"ಮಣ್ಣಿನ ಮಾಳಗಿ ಇಟ್ರ ಬೀಗರು ನಗ್ತಾರ್ರಿ," ಎಂದರು ಗೌಡರು.

"ಬೀಗರು ಎರಡ ದಿನ ಇದ್ದು ಹೋಗ್ತಾರ. ಸೊಸಿ ಜಲ್ಮ ಪೂರ್ತಿ ಇರಾಕಿ. ಯಾರ ಸಲುವಾಗಿ ಕಟ್ಟಾಕತ್ತೀರಿ ಮನಿ?"

"ಸೊಸಿ ಬರಬೇಕಂದ್ರ ಮೊದಲ ಬೀಗರು ಒಪ್ಪಬೇಕಲ್ರೀ!"

ಕಾಕಾ ಪೆನ್ಸಿಲ್ಲು ಕೈಗೆತ್ತಿಕೊಂಡರು. ಆಗಲಿ, ಸ್ಲ್ಯಾಬೇ ಆಗಲಿ ಎಂದು ಎದುರುಬದುರು ಕಿಟಕಿ, ಅವುಗಳಿಗೆ ನೆರಳಾಗಿ ಅಗಲವಾದ ಛಜ್ಜಾ, ಬಿಸಿಗಾಳಿ ಹೊರಗೆ ಹೋಗಲು ಸೂರಿನ ಕೆಳಗೆ ಬೆಳಕಿಂಡಿ ಬರೆದುಕೊಟ್ಟರು. ಗೌಡರು ಸ್ಲ್ಯಾಬು ಹಾಕಿಸಿದರು, ಬೆಳಕಿಂಡಿ ಮುಚ್ಚಿಸಿದರು. ಗುಬ್ಬಿ ಬರುತ್ತವಂತೆ.

ಊರಿಗೆಲ್ಲ ತಂಪಿನ ಮಾತು ಹೇಳುತ್ತಿದ್ದ ಕಾಕಾ ಇದ್ದದ್ದು ಬಾಡಿಗೆಯ ಮೇಲಂತಸ್ತಿನ ಖೋಲಿಯಲ್ಲಿ, ನಮ್ಮ ಓಣಿಗೆ ಆಗಿನ್ನೂ ಬಂದಿದ್ದ ಒಂದೇ ಒಂದು ಸ್ಲ್ಯಾಬಿನ ಕೆಳಗೆ. ಅಲ್ಲೇ ಮಂಚದ ಮೇಲೆ ಅವರ ಹೆಂಡತಿ ಕಾಶಿಬಾಯಿ ಕಾಕು. ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಕರೆಂಟು ಇದ್ದಾಗ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಇಲ್ಲದಾಗ ಕಾಕಾ ಒದ್ದೆ ಟವೆಲ್ಲು ಬೀಸುತ್ತಿದ್ದರು. ಛತ್ತಿಗೆ ಸುಣ್ಣ ಬಳಿಸಿ ಎಂದು ಮಾಲಕರನ್ನು ಕೇಳಿದರೆ, "ಥಂಡ ಆಗೋದು ನಿಮಗ, ನಾ ಯಾಕ ಬಳಿಸಲಿ? ಬೇಕಾದ್ರ ನೀವ ಹಚ್ಕೋರಿ" ಎಂದರು. ಕಾಕಾ ತಾವೇ ಬಳಿದರು. ಬಳಿದದ್ದು ಸಂಡಿಗೆಯ ದಿನಗಳಲ್ಲಿ.

ಮಣ್ಣಿನ ಮಾಳಿಗೆಯ ಮೇಲೆ ಸಂಡಿಗೆ ಹಾಕಿದರೆ ಧೂಳು. ಹೀಗಾಗಿ ಓಣಿಯ ಹೆಂಗಸರೆಲ್ಲ ವರ್ಷದ ಸಂಡಿಗೆ, ಹಪ್ಪಳ ಒಣಗಿಸುತ್ತಿದ್ದುದು ಅದೇ ಸ್ಲ್ಯಾಬಿನ ಮೇಲೆ; ಒಂದೊಂದು ಮನೆಗೆ ಒಂದೊಂದು ಪಾಳಿ. ಕಾಕಾ ಸುಣ್ಣ ಬಳಿದ ಮರುದಿನ ನಮ್ಮವ್ವನ ಪಾಳಿ. ಒದ್ದೆ ಧೋತರ ಹಾಸಿ ಸಂಡಿಗೆ ಇಟ್ಟಳು. ಸುಣ್ಣ ಧೋತರ ದಾಟಿ ಬಂತು. ಕರಿದು ತಿಂದವರ ನಾಲಿಗೆ ಉರಿಯಿತು.

"ಮಾಣಿಕಪ್ಪಾ, ನಿನ್ನ ಥಂಡಕ್ಕ ನಮ್ಮ ವರ್ಷದ ಸಂಡಿಗಿ ಸುಣ್ಣ ತಿಂತಲ್ಲೋ!" ಎಂದು ಅವ್ವ ಕೆಳಗಿನಿಂದಲೇ ಕೂಗಿದಳು. ಹೆಂಗಸರೆಲ್ಲ ಕೂಡಿ ಪೊರಕೆ ಹಿಡಿದು ಸುಣ್ಣ ತಿಕ್ಕಿ ತೆಗೆದರು. ಮಂಚದ ಮೇಲೆ ಕಾಕು ಅರ್ಧ ಬಾಯಲ್ಲಿ ನಗುತ್ತಿದ್ದಳು. "ತಿಕ್ಕಲಿ ಬಿಡ್ರಿ. ನಾ ಎದ್ದಿದ್ರ ನನ್ನ ಪಾಳೀನೂ ಇರತಿತ್ತು. ನನ್ನ ಸಲುವಾಗಿ ಓಣಿ ಸಂಡಿಗಿ ಕೆಡಸಬ್ಯಾಡ್ರಿ."

ಕೊನೆಗೆ ಒಪ್ಪಂದವಾಯಿತು. ಸಂಡಿಗೆ ಮುಗಿದ ಮೇಲೆ ಕಾಕಾ ಛತ್ತಿನ ಮೇಲೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಬೇಕು, ಅಲ್ಲಿಯತನಕ ಬಿಸಿಲು ಓಣಿಯದು. ಮಾತಿನಂತೆ ನಡೆದರು. ಆದರೆ ಪ್ರತಿ ವರ್ಷ ಚಪ್ಪರ ಏಳುವ ಹೊತ್ತಿಗೆ ಕಡು ಬಿಸಿಲು ಕಳೆದಿರುತ್ತಿತ್ತು.

ಒಂದು ವರ್ಷ ನಡುವೆ ಮೋಡ ಕವಿದು ಪಾಳಿಗಳು ಹಿಂದೆ ಬಿದ್ದವು. ಮತ್ತೆ ಬಿಸಿಲು ಬಂದಾಗ ಬೆಂಕಿಯಂತೆ ಬಂತು. ತೊಗರಿ ಕಟ್ಟಿಗೆ ಕೆಳಗೆ ಅಂಗಳದಲ್ಲಿ ಪೇರಿಸಿಟ್ಟಿತ್ತು. "ಇನ್ನೊಂದ ಮನಿ ಅದರಿ," ಎಂದರು ಹೆಂಗಸರು. ಕಾಕಾ ಸರಿ ಎಂದರು. ಆ ಕೊನೆಯ ಮನೆಯ ಪಾಳಿಯ ದಿನ, ಊಟದ ಹೊತ್ತು ಮೀರಿದ ಮೇಲೆ, ಕಾಕು ಉಸಿರು ಬಿಟ್ಟಳು.

ಡಾಕ್ಟರು ಲಕ್ವಾ ಎಂದರು. ಬಿಸಿಲು ಎಂದು ಯಾರೂ ಅನ್ನಲಿಲ್ಲ, ಕಾಕಾ ಕೂಡ. ಹೆಂಗಸರು ಅಳುತ್ತಲೇ ಮೇಲೆ ಹೋಗಿ ಇನ್ನೂ ಹಸಿಯಿದ್ದ ಸಂಡಿಗೆಯನ್ನು ಧೋತರದ ಸಮೇತ ಮಡಚಿ ತಂದರು. ಮರುವರ್ಷ ಆ ಛತ್ತಿನ ಮೇಲೆ ಯಾರೂ ಏನೂ ಒಣಗಿಸಲಿಲ್ಲ. ಕಾಕಾ ಚಪ್ಪರವನ್ನೂ ಹಾಕಲಿಲ್ಲ. ನಾನು ಕೇಳಿದ್ದಕ್ಕೆ, "ಇರಲಿ ಬಿಡು" ಎಂದರು. ಅಷ್ಟೇ.

ಅವರನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ನಂತರ. ನನಗೆ ಬಸವಕಲ್ಯಾಣದಲ್ಲಿ ನೌಕರಿಯಾಗಿ, ಅಲ್ಲೇ ಜಾಗ ಹಿಡಿದು, ನಕ್ಷೆ ಬರೆಸಲು ಹುಮನಾಬಾದಿಗೆ ಹೋಗಿದ್ದೆ. ಅದೇ ಮೇಜು, ಅದೇ ಖೋಲಿ, ಅದೇ ಸೆಕೆ. ಸ್ಲ್ಯಾಬು ಎಂದೆ, ಸ್ಲ್ಯಾಬು ಬರೆದರು. ಛಜ್ಜಾ ಬೇಡ, ಖರ್ಚು ಎಂದೆ, ಬಿಟ್ಟರು. ಒಂದಕ್ಕೂ ಜಗಳಕ್ಕೆ ಬೀಳಲಿಲ್ಲ. ಒಮ್ಮೆ ಬೈಯಲಿ ಎಂದೇ ಇಲ್ಲದ ಮಾತು ತೆಗೆದೆ.

"ಅಡಗಿ ಮನಿಗೆ ಖಿಡಕಿ ಬ್ಯಾಡ್ರಿ ಕಾಕಾ. ಧೂಳ ಬರ್ತದ."

ಮೊದಲಾಗಿದ್ದರೆ ಪೆನ್ಸಿಲ್ಲು ನನ್ನ ತಲೆಗೆ ಬೀಳುತ್ತಿತ್ತು.

"ಬ್ಯಾಡೇನು?"

"ಬ್ಯಾಡ್ರಿ."

ರಬ್ಬರು ತೆಗೆದುಕೊಂಡು ಕಿಟಕಿಯನ್ನು ಅಳಿಸಿದರು. ಪುಡಿಯನ್ನು ಊದಿ, ಪಟ್ಟಿ ಇಟ್ಟು, ಗೋಡೆಯ ಗೆರೆಯನ್ನು ಕೂಡಿಸಿದರು.

"ಮತ್ತೇನರ ತೆಗೀಲೇನು ತಮ್ಮಾ?" ಎಂದರು.