ಟಾನ್ ಅಂಕಲ್ ಕೇಳಿದ ಆರು ಸ್ಟೇಡಿಯಂ

ಲಾಕ್‌ಡೌನ್‌ನಲ್ಲಿ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಟ್ರಾವೆಲ್ ಆಫೀಸು ಮುಚ್ಚಿತ್ತು. ಗಿರಾಕಿಗಳ ಫೋನು ನನ್ನ ಮನೆಗೇ ಬರುತ್ತಿತ್ತು. ಒಂದು ದಿನ ಹಳೆಯ ಗಿರಾಕಿ ಟಾನ್ ಅಂಕಲ್, "ಜಪಾನಿನಲ್ಲಿ ಆರು ಬೇಸ್‌ಬಾಲ್ ಸ್ಟೇಡಿಯಂ ನೋಡೋ ಹಾಗೆ ಪ್ಲಾನ್ ಮಾಡಿಕೊಡಮ್ಮ" ಎಂದರು.

"ಅಂಕಲ್, ಈಗ ಪಕ್ಕದ ಜಿಲ್ಲೆಗೂ ಹೋಗೋ ಹಾಗಿಲ್ಲ!" ಎಂದು ನಕ್ಕುಬಿಟ್ಟೆ.

"ಗೊತ್ತಮ್ಮ. ಹೆಂಡತಿ ಕೋವಿಡ್ ವಾರ್ಡಿನಲ್ಲಿದ್ದಾಳೆ. ಸ್ಕೂಲಲ್ಲಿ ಸಾಫ್ಟ್‌ಬಾಲ್ ಆಡಿದವಳು. ವಿಡಿಯೋ ಕಾಲ್‌ನಲ್ಲಿ ಅವಳಿಗೆ ಹೇಳೋಕೆ ಏನಾದರೂ ಬೇಕು."

ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅಂದಿನಿಂದ ದಿನಕ್ಕೊಂದು ಸ್ಟೇಡಿಯಂ, ಹೋಗುವ ರೈಲು, ಹತ್ತಿರದ ಊಟದ ಅಂಗಡಿ ಸಮೇತ ಬರೆದು ಕಳಿಸಿದೆ.

ಎರಡು ವಾರದ ಮೇಲೆ ಫೋನಿನಲ್ಲಿ ಸೋತ ಹೆಣ್ಣುದನಿ. "ನಾನು ಮಿಸೆಸ್ ಟಾನ್. ಮನೆಗೆ ಬಂದೆ. ಸ್ಟೇಷನ್ನಿಂದ ಸ್ಟೇಡಿಯಂಗೆ ನಡೆದೇ ಹೋಗಿ ಅಂತ ಬರೆದಿದ್ದೀಯಲ್ಲ, ನನ್ನ ಮಂಡಿನೋವಿಗೆ ಅಷ್ಟು ನಡೆಯೋಕೆ ಆಗುತ್ತಾ?"

ಗಿರಾಕಿಯ ದೂರು ಕೇಳಿ ನಾನು ಖುಷಿಪಟ್ಟಿದ್ದು ಅದೊಂದೇ ಸಲ.