ಎಲ್ಲರಿಗೂ ‘ರಿ’ ಹಚ್ಚಿದ ಅಕ್ಕೋರು

ನಮ್ಮ ಟೀಚರ್ ಅಕ್ಕೋರ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಕೂರುವಷ್ಟು ಸಂದಿ ಇತ್ತು. ಅವರು ‘ಶಾಲೆ’ ಎಂದರೆ ಅಲ್ಲಿಂದ ಸಣ್ಣದೊಂದು ಸೀಟಿ ಹೊರಡುತ್ತಿತ್ತು. ಗೊಬ್ಬೂರಿನ ಶಾಲೆಗೆ ಹೊಸದಾಗಿ ಸೇರಿದ ನಾವೆಲ್ಲ ಹಲ್ಲಿಗೆ ನಾಲಿಗೆ ಒತ್ತಿ ಆ ಸೀಟಿಯನ್ನು ಕಲಿಯಲು ನೋಡುತ್ತಿದ್ದೆವು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. “ಸೀಟಿ ಸಾಕ್ರಿ, ಇನ್ನ ಶಬ್ದ ಕಲೀರಿ” ಎನ್ನುತ್ತಿದ್ದರು.

ಹೌದು, ಆರು ವರ್ಷದ ನಮಗೂ ‘ರಿ’ ಹಚ್ಚಿಯೇ ಮಾತಾಡುತ್ತಿದ್ದರು. ಊರವರಿಗೆ ಅದೊಂದು ನಗೆಯ ಸಂಗತಿ. ನನ್ನ ಅಪ್ಪ ಒಮ್ಮೆ ಕೇಳಿಯೇಬಿಟ್ಟ: “ಮೂಗ ಸುರಿಸೋ ಹುಡುಗ್ರಿಗೆ ಯಾಕ್ರಿ ಟೀಚರ್ ಇಷ್ಟ್ ಮರ್ಯಾದಿ?”

“ಇವರ ಕಿವಿಗಿ ಏನ್ ಬೀಳ್ತದೋ ಅದನ್ನೇ ನಾಳೆ ಹೊಳ್ಳಿ ಕೊಡ್ತಾರ್ರಿ” ಎಂದರು ಅಕ್ಕೋರು.

ಮೊದಲ ದಿನ ಅವರು ಅಕ್ಷರ ಬರೆಸಲಿಲ್ಲ. ನಿಮ್ಮ ಮನೆಯಲ್ಲಿ ‘ಬಾ’ ಅನ್ನೋದಕ್ಕೆ ಏನಂತಾರೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮರಾಠಿ ಮನೆಯವರು, ಉರ್ದು ಮನೆಯವರು, ತಾಂಡಾದಿಂದ ಬಂದವರು ಎಲ್ಲರೂ ಹೇಳಿದ್ದು ಹಲಗೆಯ ಮೇಲೆ ಬಂತು. ಒಂದಕ್ಕೂ ತಪ್ಪು ಎನ್ನಲಿಲ್ಲ. “ಕಿವಿ ಮೊದಲ, ಬಾಯಿ ಆಮ್ಯಾಗ” ಎಂಬುದು ಅವರ ಪಾಠದ ಕ್ರಮ.

ನಾನೂ ಕೊನೆಗೆ ಭಾಷೆ ಕಲಿಸುವ ಕೆಲಸಕ್ಕೇ ಬಂದೆ, ಆದರೆ ನನ್ನ ಶಾಲೆಗೆ ಗೋಡೆಗಳಿಲ್ಲ. ಕಣ್ಣಿಗೆ ದಪ್ಪ ಕನ್ನಡಕದಂಥ ಒಂದು ಸಾಧನ ಕಟ್ಟಿಕೊಂಡರೆ ಎದುರಿಗೆ ಕಂಪ್ಯೂಟರ್ ಕಟ್ಟಿದ ಊರೊಂದು ಕಾಣುತ್ತದೆ. ಕಲಿಯುವವರು ಅದರಲ್ಲಿ ಓಡಾಡುತ್ತ, ಅಲ್ಲಿನವರೊಂದಿಗೆ ಮಾತಾಡುತ್ತ ಭಾಷೆ ಕಲಿಯುತ್ತಾರೆ. ಯಾರನ್ನು ಭೇಟಿಯಾಗಬೇಕು, ಏನು ಕೇಳಬೇಕು, ತಪ್ಪಿದರೆ ಏನಾಗಬೇಕು ಎಂಬ ಪಾಠದ ಅಚ್ಚನ್ನು ತಯಾರಿಸುವುದು ನನ್ನ ಕೆಲಸ. ಅಚ್ಚು ಒಂದು ಸಲ ಕೂತರೆ ಅದರಲ್ಲಿ ಯಾವ ಭಾಷೆಯನ್ನಾದರೂ ಎರೆಯಬಹುದು. ನಮ್ಮ ಮೊದಲ ಪಾಠಗಳು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಆಸ್ಪತ್ರೆಗಳಿಗೆ ಬೇರೆ ರಾಜ್ಯಗಳಿಂದ ಬರುವ ಡಾಕ್ಟರು, ನರ್ಸುಗಳಿಗಾಗಿ.

ಅಚ್ಚು ತಯಾರಾದಾಗ ಅಕ್ಕೋರ ನೆನಪಾಯಿತು. ನಿವೃತ್ತರಾಗಿ ಅಫಜಲಪುರದಲ್ಲಿದ್ದರು. ಸಾಧನವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

“ಬರ್ರಿ, ಕೂಡ್ರಿ” ಎಂದರು. ನನಗಿನ್ನೂ ‘ರಿ’ ತಪ್ಪಿರಲಿಲ್ಲ.

ಅವರ ಕಣ್ಣಿಗೆ ಸಾಧನ ಕಟ್ಟಿದೆ. ಎರಡು ಹೆಜ್ಜೆ ಇಟ್ಟವರು ಥಟ್ಟನೆ ಗೋಡೆಗೆ ಸರಿದು ನಿಂತರು. ಏನಾಯಿತೆಂದು ಕೇಳಿದರೆ, “ಮುತ್ಯಾರು ಬರಾಕತ್ತಾರ, ದಾರಿ ಬಿಡಬ್ಯಾಡೇನ್ರಿ?” ಎಂದರು. ಕಂಪ್ಯೂಟರಿನ ಮುದುಕನಿಗೆ ದಾರಿ ಬಿಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಮೂರನೆಯ ಪಾಠ ಆಸ್ಪತ್ರೆಯದು. ಅಲ್ಲಿ ಇಬ್ಬರು ರೋಗಿಗಳು. ಇಸ್ತ್ರಿ ಅಂಗಿಯವರನ್ನು ಡಾಕ್ಟರು “ಏನಾಗ್ಯಾದ್ರಿ?” ಎಂದು ಕೇಳಬೇಕು, ಹೊಲದಿಂದ ಬಂದ ಕೂಲಿ ಹೆಂಗಸನ್ನು “ಏನಾಗ್ಯಾದ ಬೇ?” ಎಂದು, ಏಕವಚನದಲ್ಲಿ. ಅಕ್ಕೋರು ಸಾಧನ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ಇಬ್ಬರೂ ಬ್ಯಾನಿ ಬಿದ್ದವರೇ. ಅವರಿಗೆ ರಿ, ಈಕಿಗೆ ಬೇ. ಯಾಕ್ರಿ?”

“ಇಲ್ಲಿ ಹಂಗೇ ಅಂತಾರಲ್ರಿ ಅಕ್ಕೋರೆ. ಇದ್ದದ್ದು ಇದ್ದಂಗ ತೋರ್ಸೇನ್ರಿ.”

ಅಕ್ಕೋರು ಸಾಧನವನ್ನು ಪಕ್ಕಕ್ಕಿಟ್ಟರು. “ನಮ್ಮವ್ವ ಮಟಕಿ ಊರಾಗ ಮಂದಿ ಹೊಲದಾಗ ದುಡೀತಿದ್ಳು. ಆಕಿಗೆ ಒಬ್ಬರೂ ರಿ ಹಚ್ಚಿ ಮಾತಾಡ್ಸಿದ್ದಿಲ್ಲ. ನಾ ಟೀಚರ್ ಆಗಿ ಮೊದಲನೇ ಸಲ ಮನಿಗಿ ಹೋದಾಗ, ‘ಯವ್ವಾ, ಕೂಡ್ರಿ’ ಅಂದೆ. ಆಕಿ ಹಿಂದ ಹೊಳ್ಳಿ ನೋಡಿದ್ಳು, ಯಾರಿಗಿ ಅಂದೆ ಅಂತ.” ಅವರ ದನಿ ಏರಲಿಲ್ಲ. “ಹೊರಗಿನವರಿಗಿ ನಮ್ಮ ಮಾತು ಕಲಿಸ್ರಿ. ನಮ್ಮ ಈ ಚಟ ಕಲಿಸಬ್ಯಾಡ್ರಿ.”

ನಾಚಿಕೆಯಾಯಿತು. ಎಲ್ಲರಿಗೂ ‘ರಿ’ ಎಂದೇ ತಿದ್ದುತ್ತೇನೆ, ತಪ್ಪಿದರೆ ಅಂಕ ಕಳೆಯುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. “ಅಂಕ ಬ್ಯಾಡ್ರಿ. ರಿ ಇಲ್ಲದೆ ಕೇಳಿದ್ರ ಪಾಠದಾಗಿನ ಆ ಹೆಣ್ಮಗಳು ಉತ್ತರ ಕೊಡೋದು ಬ್ಯಾಡ. ಸುಮ್ಮನ ಮುಖ ನೋಡ್ಲಿ.”

ಹಾಗೆಯೇ ಮಾಡಿದೆ. ಪಾಠವನ್ನು ಪ್ರಯೋಗಕ್ಕೆ ಬಿಟ್ಟ ವಾರದೊಳಗೆ ದೂರುಗಳು ಬಂದವು. ಜೇವರ್ಗಿ ಕಡೆಯ ಒಬ್ಬ ಯುವ ಡಾಕ್ಟರು, ಆ ಹೆಂಗಸಿನ ಪಾತ್ರ ಕೆಟ್ಟುಹೋಗಿದೆ, ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದರು. ನಮ್ಮ ಮುಖ್ಯಸ್ಥರು, ಅದನ್ನು ತೆಗೆಯದಿದ್ದರೆ ಇಡೀ ಪಾಠಮಾಲೆಯೇ ನಿಲ್ಲುತ್ತದೆ ಎಂದರು. ತೆಗೆದುಬಿಟ್ಟೆ. ಹೇಗೆ ಕೇಳಿದರೂ ಅವಳು ಉತ್ತರಿಸುವಂತಾಯಿತು.

ಅಕ್ಕೋರು ಫೋನಿನಲ್ಲಿ ಕೇಳಿದರು: “ಆಕಿ ಈಗೂ ಸುಮ್ಮನ ಇರ್ತಾಳೇನ್ರಿ?”

“ಹೌದ್ರಿ, ಹೌದ್ರಿ ಅಕ್ಕೋರೆ, ಇರ್ತಾಳ್ರಿ” ಎಂದೆ.

ಮುಂದಿನ ತಿಂಗಳು ಪಾಠದ ಫಲ ನೋಡಲು ಆ ಡಾಕ್ಟರ ಆಸ್ಪತ್ರೆಗೆ ಹೋದೆ. ಪರೀಕ್ಷೆಯಲ್ಲಿ ಅವರಿಗೆ ಒಳ್ಳೆಯ ಅಂಕ ಬಂದಿತ್ತು. ಕೈಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಒಳಗೆ ಬಂದಳು, ಅವರ ತಾಯಿಯ ವಯಸ್ಸಿನವಳು. “ಏನಾಗ್ಯಾದ ಬೇ?” ಎಂದರು ಡಾಕ್ಟರು, ಮೃದುವಾಗಿಯೇ. ಸುತ್ತಲಿನವರಿಂದ ಕಲಿತ ಮಾತು. ಅವಳು ನೆಲ ನೋಡುತ್ತ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಳು. ಔಷಧಿಯೂ ಸರಿಯಾಗಿಯೇ ಸಿಕ್ಕಿತು. ಯಾರಿಗೂ ಏನೂ ತಪ್ಪೆನಿಸಲಿಲ್ಲ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಅಫಜಲಪುರಕ್ಕೆ ಹೋಗಿ ಅಕ್ಕೋರ ಎದುರು ಕೂತು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಅವರು ನಕ್ಕರು.

“ಗೊತ್ತಿತ್ರಿ. ಅವತ್ತ ಒಂದೇ ಮಾತಿಗಿ ಎಷ್ಟ್ ರಿ ಹಚ್ಚಿದ್ರಿ!” ಆಮೇಲೆ ಗಂಭೀರವಾದರು. “ನಂದೂ ತಪ್ಪದ. ಕಲಿಯೋರಿಗಿ ದಾರಿ ತೋರ್ಸದೆ ಬಾಗಲಾ ಹಾಕಿದೆ. ಆಕಿ ಬಾಜೂ ಒಬ್ಬ ನರ್ಸ್ ನಿಂದ್ರಸ್ರಿ. ಡಾಕ್ಟರು ತಪ್ಪಿದ್ರ, ನರ್ಸ್ ಅದೇ ಪ್ರಶ್ನಿ ‘ರಿ’ ಹಚ್ಚಿ ಕೇಳ್ಲಿ. ಆಕಿ ಉತ್ತರ ಕೊಡ್ತಾಳ. ಡಾಕ್ಟರು ಕೇಳಿ ಕಲೀತಾರ.”

ಎರಡು ವಾರ ಕೂತು ಹಾಗೆ ಕಟ್ಟಿದೆ. ಈ ಸಲ ದೂರು ಬರಲಿಲ್ಲ. ತಪ್ಪಿದವರಿಗೆ ಅಂಕ ಕಳೆಯದೆ, ಸರಿಯಾದ ಮಾತನ್ನು ಕೇಳಿಸಬೇಕೆಂಬ ಆ ಕ್ರಮ ಈಗ ನಮ್ಮ ಎಲ್ಲ ಅಚ್ಚುಗಳಲ್ಲೂ ಇದೆ. ಮರಾಠಿಯ ಪಾಠವೂ ಅದರಲ್ಲೇ ತಯಾರಾಗುತ್ತಿದೆ. ಜೇವರ್ಗಿಯ ಡಾಕ್ಟರು ಹೊಸ ಪಾಠ ಮುಗಿಸಿ ಒಂದೇ ಸಾಲು ಬರೆದರು: ಆ ದಿನ ಕೆಟ್ಟಿದ್ದು ಪಾತ್ರವಲ್ಲ ಎಂದು. ಅದನ್ನು ಓದಿ ಹೇಳಿದಾಗ ಅಕ್ಕೋರು, “ಶಾಣ್ಯಾ ಇದ್ದಾರ್ರಿ” ಎಂದರು.

ಹೋದ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ನ್ಯುಮೋನಿಯಾ ಆಗಿ ನಾಲ್ಕೇ ದಿನ. ಆಳಂದದಲ್ಲಿ ಕೆಲಸದಲ್ಲಿದ್ದ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ಗೊಬ್ಬೂರಿನ ನಮ್ಮ ಮನೆಗೆ ಹೋದೆ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಹೊಲದಲ್ಲಿ ದುಡಿಯುತ್ತ ಬಂದ ಮುದುಕಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಅವಳನ್ನು ನಾನು ಬುದ್ಧಿ ಬಂದಾಗಿನಿಂದ ‘ನೀ’ ಎಂದೇ ಕರೆದವಳು. ಇದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

“ಊಟ ಆಯ್ತೇನ್ರಿ?” ಎಂದೆ.

ಮುದುಕಿ ಮೊರ ಕೆಳಗಿಟ್ಟು, ನನ್ನ ಹಣೆ ಮುಟ್ಟಿ ನೋಡಿದಳು. “ಯಾಕವ್ವ, ಮೈಯಾಗ ಆರಾಮಿಲ್ಲೇನು?”

ಸಿಕ್ಕಾಗೆಲ್ಲ ‘ರಿ’ ಹಚ್ಚಿಯೇ ಮಾತಾಡಿಸಿ, ಆರಾಮಿದ್ದೇನೆ ಎಂದು ನಂಬಿಸಲು ನನಗೆ ಒಂದು ತಿಂಗಳು ಹಿಡಿಯಿತು.